ಬಾಂಡ್ ಮಾರುವ ಕಂಪನಿಗೂ ಒಂದು ಪಹಣಿ ಬೇಕು: ಸೆಬಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು,
ಭಾರತೀಯ ಷೇರು ಮತ್ತು ವಿನಿಮಯ ಮಂಡಳಿ, ಸೆಬಿ,
ಮುಂಬೈ

ವಿಷಯ: ಹತ್ತಾರು ವ್ಯಾಪಾರ ನಡೆಸುವ ದೊಡ್ಡ ಸಮೂಹಗಳು ಸಾಮಾನ್ಯ ಜನರಿಗೆ ಮಾರುವ ಬಾಂಡುಗಳ ಬಗ್ಗೆ ಒಂದು ಅಹವಾಲು

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆಯ ಕಡೂರಿನವನು. ಇಪ್ಪತ್ತೆರಡು ವರ್ಷದಿಂದ ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡಿಕೊಂಡಿದ್ದೇನೆ. ನನ್ನ ಹತ್ತಿರ ಬರುವವರು ಮೇಷ್ಟ್ರುಗಳು, ನಿವೃತ್ತರಾದ ಕಂಡಕ್ಟರುಗಳು, ಕೊಬ್ಬರಿ ವ್ಯಾಪಾರದವರು, ಸ್ವಲ್ಪ ಅಡಿಕೆ ತೋಟ ಇರುವವರು. ಮೊದಲೆಲ್ಲ ಇವರ ಉಳಿತಾಯ ಅಂದರೆ ಪೋಸ್ಟಾಫೀಸು, ಬ್ಯಾಂಕಿನ ಎಫ್‌ಡಿ, ಎಲ್ಐಸಿ ಪಾಲಿಸಿ, ಅಷ್ಟೇ. ಈಗ ಏಳೆಂಟು ವರ್ಷದಿಂದ ಡಿಮ್ಯಾಟ್ ಸ್ಟೇಟ್‌ಮೆಂಟುಗಳು ಬರಲು ಶುರುವಾಗಿವೆ. ಅವುಗಳಲ್ಲಿ ಷೇರಿನ ಜೊತೆ ಕಂಪನಿಗಳ ಬಾಂಡುಗಳೂ, ಅಂದರೆ ಕಂಪನಿಗೆ ನಾವು ಬಡ್ಡಿಗೆ ಕೊಟ್ಟ ಸಾಲದ ಪತ್ರಗಳೂ ಇರುತ್ತವೆ. ಈ ಪತ್ರ ಆ ಬಾಂಡುಗಳ ಬಗ್ಗೆ.

ನನ್ನ ಅಕ್ಕನ ವಿಷಯದಿಂದಲೇ ಶುರು ಮಾಡುತ್ತೇನೆ. ಅಕ್ಕ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ 2021ರಲ್ಲಿ ನಿವೃತ್ತಳಾದಳು. ಮರುವರ್ಷ ನಿವೃತ್ತಿಯ ಹಣದಲ್ಲಿ 4 ಲಕ್ಷ ರೂಪಾಯಿಯನ್ನು ಒಂದು ದೊಡ್ಡ ಸಮೂಹದ ಬಾಂಡಿನಲ್ಲಿ ಹಾಕಿದಳು. ಪ್ರಕರಣ ಈಗ ನ್ಯಾಯಮಂಡಳಿಯ ಮುಂದಿದೆ. ಹಾಗಾಗಿ ಆ ಸಮೂಹದ ಹೆಸರು ಹೇಳುವುದಿಲ್ಲ. ವರ್ಷಕ್ಕೆ 9.6 ಪರ್ಸೆಂಟ್ ಬಡ್ಡಿ, ಪ್ರತಿ ತಿಂಗಳೂ ಖಾತೆಗೆ 3,200 ರೂಪಾಯಿ. ಅರ್ಜಿ ತುಂಬಿದ್ದು ನಾನೇ. ಎಲ್ಲಿ ಸಹಿ ಹಾಕಬೇಕು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟಿದ್ದೂ ನಾನೇ. ತೆರಿಗೆ ಮುರಿದುಕೊಳ್ಳದಿರಲಿ ಎಂದು ಪ್ರತಿ ಏಪ್ರಿಲ್‌ನಲ್ಲಿ 15ಎಚ್ ಫಾರಂ ಕೊಡುತ್ತಿದ್ದವನೂ ನಾನೇ.

ಹದಿನಾಲ್ಕು ತಿಂಗಳು ಬಡ್ಡಿ ಸರಿಯಾಗಿ ಬಂತು. ಹದಿನೈದನೇ ತಿಂಗಳು ಬರಲಿಲ್ಲ. ಬ್ಯಾಂಕಿನಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡು ಅಕ್ಕ ಪಾಸ್‌ಬುಕ್ ತೆಗೆದುಕೊಂಡು ಹೋಗಿ ಎಂಟ್ರಿ ಹಾಕಿಸಿದಳು. ಮೂರು ದಿನ ಬಿಟ್ಟು ಮತ್ತೆ ಹೋದಳು. ನಾಲ್ಕನೇ ಸಲ ನನ್ನ ಹತ್ತಿರ ಬಂದು ಪಾಸ್‌ಬುಕ್ಕನ್ನು ಟೇಬಲ್ ಮೇಲೆ ಬಿಡಿಸಿಟ್ಟು, "ನೋಡೋ, ಇಲ್ಲಿಗೆ ನಿಂತುಹೋಗಿದೆ" ಎಂದಳು. ಆ ಸಾಲಿನ ಕೆಳಗೆ ಬೆರಳಿಟ್ಟು ಸುಮ್ನೆ ಕೂತಿದ್ದಳು.

ಅವತ್ತು ರಾತ್ರಿ ನಾನು ಆ ಬಾಂಡಿನ ಪೂರ್ತಿ ಪ್ರಾಸ್ಪೆಕ್ಟಸ್, ಅಂದರೆ ಬಾಂಡ್ ಮಾರುವಾಗ ಕಂಪನಿ ಕೊಡುವ ವಿವರಪತ್ರ, ಡೌನ್‌ಲೋಡ್ ಮಾಡಿ ಓದಲು ಕೂತೆ. ನಾನೂರಕ್ಕೂ ಜಾಸ್ತಿ ಪುಟ, ಎಲ್ಲಾ ಇಂಗ್ಲಿಷಿನಲ್ಲಿ. ಮೂರು ರಾತ್ರಿ ಹಿಡಿಯಿತು. ಅರ್ಜಿ ತುಂಬುವ ದಿನವೇ ಓದಬೇಕಿತ್ತು. ಓದದೇ ಇದ್ದದ್ದು ನನ್ನ ತಪ್ಪು, ಅದನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಆದರೆ ಅಲ್ಲಿ ನನಗೆ ಕಂಡದ್ದನ್ನು ನೀವು ಕೇಳಬೇಕು.

ಅಕ್ಕ ದುಡ್ಡು ಕೊಟ್ಟದ್ದು ಸಮೂಹದ ಹೆಸರು ನೋಡಿ. ರಸ್ತೆ ಬದಿಯ ಬೋರ್ಡಿನಲ್ಲಿ, ಟಿವಿಯಲ್ಲಿ ಇಪ್ಪತ್ತು ವರ್ಷದಿಂದ ನೋಡಿದ ಹೆಸರು. ದುಡ್ಡು ಹೋದದ್ದು ಆ ಹೆಸರಿನ ಹಲವು ಕಂಪನಿಗಳಲ್ಲಿ ಒಂದಕ್ಕೆ. ಆ ಒಂದು ಕಂಪನಿಗೆ ಸ್ವಂತದ ಕಾರ್ಖಾನೆ ಇರಲಿಲ್ಲ, ಗಿರಾಕಿಗಳೂ ಇರಲಿಲ್ಲ. ಜನರಿಂದ ದುಡ್ಡು ಎತ್ತಿ ತನ್ನದೇ ಸಮೂಹದ ಬೇರೆ ಕಂಪನಿಗಳಿಗೆ ಸಾಲ ಕೊಡುವುದೇ ಅದರ ಮುಖ್ಯ ಕೆಲಸವಾಗಿತ್ತು. ಪ್ರವರ್ತಕರು, ಅಂದರೆ ಸಮೂಹವನ್ನು ಕಟ್ಟಿ ನಡೆಸುವ ಮಾಲೀಕರು, ತಮ್ಮ ಷೇರುಗಳಲ್ಲಿ ಮುಕ್ಕಾಲು ಪಾಲನ್ನು ಆಗಲೇ ಬೇರೆಡೆ ಗಿರವಿ ಇಟ್ಟಿದ್ದರು. ಅರ್ಜಿಯ ಮೇಲೆ ದಪ್ಪಕ್ಷರದಲ್ಲಿ ಸೆಕ್ಯೂರ್ಡ್ ಅಂತ ಇತ್ತಲ್ಲ, ಆ ಭದ್ರತೆ ಏನು ಗೊತ್ತಾ? ಸೋದರ ಕಂಪನಿಗಳು ಈ ಕಂಪನಿಗೆ ಕೊಡಬೇಕಾದ ಸಾಲ. ಸೋದರ ಕಂಪನಿಗಳು ಕೊಡಲಿಲ್ಲ. ಬಡ್ಡಿಯೂ ನಿಂತಿತು, ಭದ್ರತೆಯೂ ಹೋಯಿತು. ಎರಡೂ ಒಂದೇ ದಿನ.

ಇದೆಲ್ಲ ಮುಚ್ಚಿಟ್ಟ ವಿಷಯವಲ್ಲ. ಎಲ್ಲವೂ ಆ ನಾನೂರು ಪುಟದಲ್ಲೇ ಇತ್ತು, ಚೂರುಚೂರಾಗಿ. ಷೇರು ಯಾರದು ಅನ್ನುವುದು ಒಂದು ಕಡೆ, ಗಿರವಿಯ ವಿಷಯ ನೂರು ಪುಟ ಆಚೆ, ಸೋದರ ಕಂಪನಿಗಳ ಸಾಲ ಲೆಕ್ಕಪತ್ರದ ಅಡಿಟಿಪ್ಪಣಿಯಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೈಸ್ಕೂಲ್ ಮೇಡಂಗೂ ಅರ್ಥವಾಗುತ್ತಿತ್ತು. ಹಾಗೆ ಇಟ್ಟು ತೋರಿಸುವವರು ಯಾರೂ ಇರಲಿಲ್ಲ.

ನಮ್ಮ ಕಡೂರಿನಲ್ಲಿ ಒಂದು ಎಕರೆ ಖುಷ್ಕಿ ಜಮೀನು ಕೊಳ್ಳುವವನೂ ಮೊದಲು ಪಹಣಿ ತೆಗೆಸುತ್ತಾನೆ. ಒಂದೇ ಹಾಳೆ, ಕನ್ನಡದಲ್ಲಿ. ಜಮೀನು ಯಾರ ಹೆಸರಲ್ಲಿದೆ, ಎಷ್ಟು ವಿಸ್ತೀರ್ಣ, ಯಾವ ಬ್ಯಾಂಕಿನ ಸಾಲ ಇದೆ ಎಂದು ಋಣದ ಕಲಂನಲ್ಲಿ ಬರೆದಿರುತ್ತದೆ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸುತ್ತಾನೆ. ಓದು ಬಾರದ ರೈತನೂ ಪಹಣಿ ಹಿಡಿದು "ಋಣ ಏನಿದೆ ನೋಡು" ಎಂದು ಮಗನಿಗೆ ಹೇಳುತ್ತಾನೆ. ಸಾವಿರಾರು ಕೋಟಿ ಎತ್ತುವ ಕಂಪನಿಗೆ ಅಂಥ ಒಂದು ಹಾಳೆ ಇಲ್ಲ. ಅದು ಬೇಕು ಎಂದು ಕೇಳಲೇ ಈ ಪತ್ರ.

ಮಾನ್ಯರೇ, ಇದು ನಮ್ಮ ಮನೆಯೊಂದರ ಗೋಳು ಎಂದುಕೊಳ್ಳಬೇಡಿ. ಸಮೂಹದ ಕಟ್ಟಡ ಒಳಗಿಂದ ಹೇಗಿರುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರು ತೀರಾ ಹತ್ತಿರದಿಂದ ನೋಡಿದ್ದಾರೆ. ಕಾಫಿ ಡೇ ಎಂಟರ್‌ಪ್ರೈಸಸ್ ನಮ್ಮ ಚಿಕ್ಕಮಗಳೂರಿನ ಮಣ್ಣಿನಿಂದ ಎದ್ದ ಸಮೂಹ. ಕಾಫಿ ಅಂಗಡಿ, ಬೆಂಗಳೂರಿನ ಟೆಕ್ ಪಾರ್ಕ್, ಸರಕು ಸಾಗಣೆಯ ಸಿಕಾಲ್ ಲಾಜಿಸ್ಟಿಕ್ಸ್, ಷೇರು ದಲ್ಲಾಳಿ ಕಂಪನಿ, ರೆಸಾರ್ಟುಗಳು, ಜೊತೆಗೆ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಪಾಲು. 2015ರ ಅಕ್ಟೋಬರ್‌ನಲ್ಲಿ ಷೇರಿಗೆ 328 ರೂಪಾಯಿಯಂತೆ ಜನರಿಂದ 1,150 ಕೋಟಿ ಎತ್ತಿತು. ನಮ್ಮವರ ಕಂಪನಿ ಎಂಬ ಅಭಿಮಾನಕ್ಕೆ ಷೇರು ತೆಗೆದುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ. ಅದನ್ನು ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರು ಎಷ್ಟೋ ಬೆಳೆಗಾರರಿಗೆ, ಎಷ್ಟೋ ಹುಡುಗರಿಗೆ ಅನ್ನ ಕೊಟ್ಟವರು. 2019ರ ಜುಲೈ ಕೊನೆಯಲ್ಲಿ ನೇತ್ರಾವತಿ ನದಿಯಿಂದ ಬಂದ ಅವರ ಸಾವಿನ ಸುದ್ದಿ ಕೇಳಿ ಇಲ್ಲಿ ಅತ್ತವರಿದ್ದಾರೆ. ಅವರ ಬಗ್ಗೆ ನನಗೆ ಗೌರವವೇ ಇದೆ.

ಆದರೆ ಲೆಕ್ಕ ಲೆಕ್ಕವೇ. ನಿಮ್ಮದೇ ಮಂಡಳಿ 2023ರ ಜನವರಿಯಲ್ಲಿ ಹೊರಡಿಸಿದ ಆದೇಶದಲ್ಲಿ ಅದು ಸ್ಪಷ್ಟವಾಗಿದೆ. ಷೇರುಪೇಟೆಯಲ್ಲಿದ್ದ ಕಂಪನಿಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ, ಪ್ರವರ್ತಕರ ಕುಟುಂಬಕ್ಕೆ ಸೇರಿದ ಕಂಪನಿಗೆ ಹೋಗಿತ್ತು. ನೀವು 26 ಕೋಟಿ ದಂಡ ಹಾಕಿದಿರಿ. ಮೈಂಡ್‌ಟ್ರೀಯ 20 ಪರ್ಸೆಂಟ್ ಪಾಲನ್ನು ಎಲ್ ಅಂಡ್ ಟಿಗೆ ಸುಮಾರು 3,200 ಕೋಟಿಗೆ ಮಾರಿದ್ದೂ ಸಾಲದ ಹೊರೆ ಇಳಿಸಲಿಕ್ಕೇ. ಆಮೇಲೆ ಟೆಕ್ ಪಾರ್ಕ್ ಕೂಡ ಹೋಯಿತು. ಖಾಸಗಿಯಾಗಿ ಮಾರಿದ್ದ ಡಿಬೆಂಚರುಗಳ, ಅಂದರೆ ಬಾಂಡುಗಳ, 228 ಕೋಟಿ ಬಾಕಿಗಾಗಿ ಬಾಂಡ್ ಕೊಂಡವರ ಪರವಾಗಿ ನಿಲ್ಲುವ ಡಿಬೆಂಚರ್ ಟ್ರಸ್ಟಿ ಬೆಂಗಳೂರಿನ ನ್ಯಾಯಮಂಡಳಿಗೆ ಹೋದಾಗ 2024ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಆದೇಶವಾಯಿತು. ಒಂದೇ ವಾರದಲ್ಲಿ ತಡೆಯಾಜ್ಞೆ ಬಂತು, 2025ರ ಫೆಬ್ರವರಿಯಲ್ಲಿ ಆ ಆದೇಶವೇ ರದ್ದಾಯಿತು. ಇದರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಹೇಳುವ ಯೋಗ್ಯತೆ ನನಗಿಲ್ಲ. ನಾನು ನೋಡುತ್ತಿರುವುದು ಒಂದೇ ಒಂದು ಸಂಗತಿ. ಪೇಟೆಯಲ್ಲಿ ಪಟ್ಟಿಯಾದ, ಅಂದರೆ ಯಾರು ಬೇಕಾದರೂ ಷೇರು ಕೊಳ್ಳಬಹುದಾದ, ಕಂಪನಿ ಒಂದು, ಅದರ ಕೆಳಗೆ ಹತ್ತಾರು, ಅದರ ಪಕ್ಕದಲ್ಲಿ ಕುಟುಂಬದ ಖಾಸಗಿ ಕಂಪನಿಗಳು. ದುಡ್ಡು ಈ ಜೇಬಿನಿಂದ ಆ ಜೇಬಿಗೆ ಹರಿಯುತ್ತದೆ. ಹೊರಗಿನವನಿಗೆ ಕಾಣುವುದು ಅಂಗಡಿಯ ಮೇಲಿನ ಕೆಂಪು ಬೋರ್ಡು ಮಾತ್ರ.

ಅದಕ್ಕೂ ಮೊದಲು ಬೆಂಗಳೂರಿನ ಯುಬಿ ಸಮೂಹದ್ದು. ಬಿಯರ್, ಮದ್ಯ, ಮಂಗಳೂರಿನ ಗೊಬ್ಬರ ಕಾರ್ಖಾನೆ, ಆಮೇಲೆ ವಿಮಾನ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿತು. ಅದರ ಸಾಲಕ್ಕೆ ಜಾಮೀನು ನಿಂತಿದ್ದ ಮಾತೃಸಂಸ್ಥೆ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸನ್ನು ಮುಚ್ಚುವಂತೆ ಕರ್ನಾಟಕ ಹೈಕೋರ್ಟ್ 2017ರಲ್ಲಿ ಆದೇಶ ಮಾಡಿತು. ವಿಮಾನದ ಸಾಲ ಬಿಯರ್ ಷೇರು ಇಟ್ಟುಕೊಂಡಿದ್ದ ಕಂಪನಿಯನ್ನು ಮುಳುಗಿಸಿತು. ಹಲವು ವ್ಯಾಪಾರ ಇದ್ದರೆ ಒಂದು ಬಿದ್ದರೂ ಇನ್ನೊಂದು ಕಾಯುತ್ತದೆ ಎಂದು ಬಾಂಡ್ ಮಾರುವವರು ನಮಗೆ ಹೇಳುತ್ತಾರೆ. ಒಂದು ಬಿದ್ದರೆ ಇನ್ನೊಂದನ್ನೂ ಎಳೆದುಕೊಂಡು ಬೀಳಬಹುದು ಎಂದು ಯಾರೂ ಹೇಳುವುದಿಲ್ಲ.

ಷೇರುದಾರರು ದೊಡ್ಡವರಾದರೆ ಭಯವಿಲ್ಲ ಎಂಬ ಮಾತನ್ನೂ ನಾನು ನಂಬಿದ್ದೆ. ರಸ್ತೆಯಂಥ ದೊಡ್ಡ ಕಾಮಗಾರಿಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್ಎಸ್ ಸಮೂಹ ಆ ನಂಬಿಕೆಯನ್ನೂ ಮುರಿಯಿತು. ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಎಲ್ಐಸಿಯದ್ದು. ಜಪಾನಿನ ಓರಿಕ್ಸ್, ಅಬುಧಾಬಿ ಸರ್ಕಾರದ ಹೂಡಿಕೆ ಸಂಸ್ಥೆ, ಎಚ್‌ಡಿಎಫ್‌ಸಿ, ಸೆಂಟ್ರಲ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಎಲ್ಲರೂ ಪಾಲುದಾರರು. 2018ರ ಮಧ್ಯದವರೆಗೂ ಎಎಎ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ಸಿಗುವ ಅತಿ ಮೇಲಿನ ದರ್ಜೆ. ಸೆಪ್ಟೆಂಬರ್‌ನಲ್ಲಿ ಅದು ಡಿಗೆ, ಅಂದರೆ ಸಾಲ ಕಟ್ಟಲು ತಪ್ಪಿದವರ ದರ್ಜೆಗೆ ಬಿತ್ತು. ಅಕ್ಟೋಬರ್ 1ಕ್ಕೆ ಕೇಂದ್ರ ಸರ್ಕಾರ ಆಡಳಿತ ಮಂಡಳಿಯನ್ನೇ ಬದಲಿಸಿತು. ಒಳಗೆ ಹೋಗಿ ನೋಡಿದರೆ ಮುನ್ನೂರಕ್ಕೂ ಹೆಚ್ಚು ಕಂಪನಿಗಳು, ಸುಮಾರು 91,000 ಕೋಟಿ ಸಾಲ. ಅದರ ಬಾಂಡುಗಳಲ್ಲಿ ಕೆಲಸಗಾರರ ಭವಿಷ್ಯನಿಧಿಯ ಹಣವೂ ಇತ್ತು. ಅಷ್ಟು ದೊಡ್ಡ ಪಾಲುದಾರರಿಗೇ ಒಳಗಿನದು ಹೊತ್ತಿಗೆ ಸರಿಯಾಗಿ ಕಾಣಲಿಲ್ಲ ಅಂದರೆ ನನ್ನ ಅಕ್ಕನಿಗೆ ಕಾಣುವುದು ಹೇಗೆ?

ಒಂದು ಕಂಪನಿಯ ಕೆಳಗೆ ಎರಡು ಪದರಕ್ಕಿಂತ ಜಾಸ್ತಿ ಅಂಗಸಂಸ್ಥೆಗಳು ಇರಬಾರದು ಎಂಬ ನಿಯಮ 2017ರಲ್ಲಿ ಬಂತು. ಒಳ್ಳೆಯ ನಿಯಮ. ಆದರೆ ಅದಾಗಲೇ ಇದ್ದ ಪದರಗಳನ್ನು ಕಿತ್ತುಹಾಕಬೇಕಾಗಿರಲಿಲ್ಲ, ವಿವರ ಕೊಟ್ಟರೆ ಸಾಕಿತ್ತು. ಬ್ಯಾಂಕು, ವಿಮೆ, ದೊಡ್ಡ ಹಣಕಾಸು ಕಂಪನಿಗಳಿಗೆ ವಿನಾಯಿತಿಯೂ ಇತ್ತು. ಅಂದರೆ ಹಳೆಯ ಸಮೂಹಗಳ ಕಟ್ಟಡ ಹಾಗೇ ಉಳಿಯಿತು.

ಈ ಪದರಗಳು ಬಾಂಡ್ ಕೊಂಡವರಿಗೆ ಯಾಕೆ ಮುಖ್ಯ ಎಂಬುದನ್ನು ನನ್ನ ಹತ್ತಿರ ಬರುವವರಿಗೆ ಭದ್ರಾ ಕಾಲುವೆ ಇಟ್ಟುಕೊಂಡು ಹೇಳುತ್ತೇನೆ. ಕಾಲುವೆಯ ಮೊದಲಿಗೆ ಜಮೀನು ಇದ್ದವನಿಗೆ ನೀರು ಮೊದಲು. ಕೊನೆ ಭಾಗದವನಿಗೆ ಮೇಲಿನವರೆಲ್ಲ ಬಳಸಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾರ್ಖಾನೆ ನಡೆಸುವ ಕಂಪನಿಗೆ ನೇರವಾಗಿ ಸಾಲ ಕೊಟ್ಟ ಬ್ಯಾಂಕು ಕಾಲುವೆಯ ಬಾಯಲ್ಲಿದೆ. ಕಾರ್ಖಾನೆಯ ಷೇರನ್ನಷ್ಟೇ ಇಟ್ಟುಕೊಂಡ ಮಾತೃಸಂಸ್ಥೆಗೆ ಸಾಲ ಕೊಟ್ಟವರು ಕೊನೆ ಭಾಗದವರು. ಕಾರ್ಖಾನೆಯ ದುಡ್ಡು ಬ್ಯಾಂಕಿಗೆ, ಕೆಲಸಗಾರರಿಗೆ, ತೆರಿಗೆಗೆ ಹೋಗಿ, ಉಳಿದದ್ದು ಡಿವಿಡೆಂಡ್ ಆಗಿ ಮೇಲೆ ಬಂದಾಗ ಮಾತ್ರ ಇವರ ಬಡ್ಡಿ. ಇಬ್ಬರ ಕೈಯಲ್ಲೂ ಇರುವ ಕಾಗದದ ಮೇಲೆ ಸಮೂಹದ ಹೆಸರು ಒಂದೇ.

ಇನ್ನು ಗಿರವಿ ಇಟ್ಟ ಷೇರಿನ ವಿಷಯ. ಪ್ರವರ್ತಕರು ತಮ್ಮ ಷೇರನ್ನು ಅಡ ಇಟ್ಟು ಸಾಲ ತಂದಿರುತ್ತಾರೆ. ಪೇಟೆಯಲ್ಲಿ ಷೇರಿನ ಬೆಲೆ ಬಿದ್ದರೆ ಸಾಲ ಕೊಟ್ಟವನು ಇನ್ನಷ್ಟು ಷೇರು ಕೊಡು ಅನ್ನುತ್ತಾನೆ. ಕೊಡದಿದ್ದರೆ ಇದ್ದದ್ದನ್ನು ಮಾರುತ್ತಾನೆ. ಮಾರಿದರೆ ಬೆಲೆ ಇನ್ನೂ ಬೀಳುತ್ತದೆ. ಆ ಹೊತ್ತಿನಲ್ಲಿ ಪ್ರವರ್ತಕನಿಗೆ ತುರ್ತಾಗಿ ದುಡ್ಡು ಬೇಕು. ಸಮೂಹದ ಯಾವ ಕಂಪನಿಯಲ್ಲಿ ನಗದು ಇದೆಯೋ ಅದರ ಕಡೆ ಕಣ್ಣು ಹೋಗುತ್ತದೆ. ಜನರಿಂದ ಬಾಂಡ್ ಮಾರಿ ದುಡ್ಡು ಎತ್ತಿಟ್ಟುಕೊಂಡ ಕಂಪನಿಯಲ್ಲಿ ನಗದು ಇದ್ದೇ ಇರುತ್ತದೆ ಅಲ್ವಾ?

ನೀವು ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಸತ್ಯಂ ಕಂಪ್ಯೂಟರ್ಸ್‌ನ ಸುಳ್ಳು ಲೆಕ್ಕದ ಹಗರಣವಾದ ತಿಂಗಳೇ, ಅಂದರೆ 2009ರ ಜನವರಿಯಲ್ಲೇ, ಗಿರವಿ ಇಟ್ಟ ಷೇರಿನ ಲೆಕ್ಕ ಬಹಿರಂಗ ಮಾಡಬೇಕು ಎಂದಿರಿ. 2019ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದಿರಿ. ಪ್ರವರ್ತಕರ ಪಾಲಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಕಂಪನಿಯ ಒಟ್ಟು ಷೇರಿನಲ್ಲಿ 20 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಡವಿದ್ದರೆ ಕಾರಣವನ್ನೂ ಹೇಳಬೇಕು ಎಂದಿರಿ. ಇದೆಲ್ಲ ಷೇರು ವಿನಿಮಯ ಕೇಂದ್ರಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಾನು ಈಗ ಹುಡುಕುವುದನ್ನು ಕಲಿತಿದ್ದೇನೆ. ಆದರೆ ಅದು ಷೇರು ಕೊಳ್ಳುವವರ ದಾರಿಯಲ್ಲಿದೆ, ಬಾಂಡ್ ಕೊಳ್ಳುವವರ ದಾರಿಯಲ್ಲಿಲ್ಲ. ಪಟ್ಟಿಯಾಗದ ಮಾತೃಸಂಸ್ಥೆಯಲ್ಲಿ ಪ್ರವರ್ತಕರು ಮಾಡಿದ ಸಾಲವಂತೂ ಕಾಣುವುದೇ ಕಷ್ಟ.

ದೊಡ್ಡ ಸಾಲಗಾರರು ಹೀಗೆ ಕುರುಡಾಗಿ ದುಡ್ಡು ಕೊಡುವುದಿಲ್ಲ. ಶಾಪೂರ್‌ಜಿ ಪಲ್ಲೋಂಜಿ ಸಮೂಹದ ಉದಾಹರಣೆ ನೋಡಿ. ಟಾಟಾ ಸನ್ಸ್‌ನಲ್ಲಿ ಅವರಿಗೆ 18 ಪರ್ಸೆಂಟಿಗೂ ಹೆಚ್ಚು ಪಾಲಿದೆ. ಆ ಪಾಲನ್ನು ಬೆನ್ನಿಗಿಟ್ಟುಕೊಂಡು ಸಮೂಹದ ಒಂದು ಕಂಪನಿ 2023ರಲ್ಲಿ 14,300 ಕೋಟಿಯ ಬಾಂಡನ್ನು ಖಾಸಗಿಯಾಗಿ ಮಾರಿತು. ಹೂಡಿಕೆದಾರರಿಗೆ ಸಿಗುವ ಲಾಭ 18.75 ಪರ್ಸೆಂಟ್. ಕೊಂಡವರು ದೊಡ್ಡ ದೊಡ್ಡ ನಿಧಿಗಳು. ಅವರ ಹತ್ತಿರ ವಕೀಲರಿದ್ದಾರೆ, ಯಾವ ಷೇರು ಯಾರಿಗೆ ಅಡವಾಗಿದೆ ಎಂದು ಸಾಲುಸಾಲು ಓದಿಸಿ, ತಮಗೆ ಬೇಕಾದ ಷರತ್ತು ಬರೆಸಿಕೊಂಡು ದುಡ್ಡು ಕೊಡುತ್ತಾರೆ. ಅಪಾಯಕ್ಕೆ ತಕ್ಕ ಬಡ್ಡಿಯನ್ನೂ ಕೇಳಿ ಪಡೆಯುತ್ತಾರೆ. ನಮ್ಮ ಮೇಷ್ಟ್ರು 9 ಪರ್ಸೆಂಟಿಗೆ ಕೊಡುತ್ತಾರೆ, ಬ್ಯಾಂಕಿಗಿಂತ ಎರಡು ಜಾಸ್ತಿ ಸಿಗುತ್ತದೆ ಎಂಬ ಆಸೆಗೆ. ಅವರಿಗೆ ಕೇಳಲು ಬಾಯಿಲ್ಲ. ಅವರ ಪರವಾಗಿ ಕೇಳಬೇಕಾದವರು ನೀವು.

ಈ ಮಾತು ಈಗಲೇ ಯಾಕೆ ಅಂದರೆ, ದೊಡ್ಡ ಸಮೂಹಗಳು ನೇರವಾಗಿ ಜನರ ಹತ್ತಿರ ಬರುತ್ತಿವೆ. ಕಲ್ಲಿದ್ದಲಿನಿಂದ ವಿಮಾನ ನಿಲ್ದಾಣದವರೆಗೆ ವ್ಯಾಪಾರ ಇರುವ ಅದಾನಿ ಎಂಟರ್‌ಪ್ರೈಸಸ್ 2024ರ ಸೆಪ್ಟೆಂಬರ್‌ನಲ್ಲಿ 800 ಕೋಟಿಯ ಬಾಂಡನ್ನು ಜನರಿಗೆ ಮಾರಿತು, ಲಾಭ 9.90 ಪರ್ಸೆಂಟ್‌ವರೆಗೆ. 2025ರ ಜುಲೈನಲ್ಲಿ 1,000 ಕೋಟಿಯ ಬಾಂಡ್ ತಂದಾಗ ಮೊದಲ ದಿನವೇ ತುಂಬಿತು. ಆ ಕಂಪನಿಯ ಮೇಲೆ ನನ್ನ ದೂರೇನೂ ಇಲ್ಲ. ಒಂದೇ ದಿನದಲ್ಲಿ ತುಂಬುವಷ್ಟು ಜನ ಮುಗಿಬೀಳುತ್ತಿದ್ದಾರೆ ಎಂಬುದನ್ನು ನೀವು ನೋಡಬೇಕು. 10,000 ರೂಪಾಯಿ ಇದ್ದರೆ ಅರ್ಜಿ ಹಾಕಬಹುದು. ಖಾಸಗಿಯಾಗಿ ಮಾರುವ ಬಾಂಡಿನ ಮುಖಬೆಲೆಯನ್ನೂ ನೀವು 10 ಲಕ್ಷದಿಂದ 1 ಲಕ್ಷಕ್ಕೆ, 2024ರಲ್ಲಿ 10,000ಕ್ಕೆ ಇಳಿಸಲು ಅವಕಾಶ ಕೊಟ್ಟಿರಿ. 2025ರ ಅಕ್ಟೋಬರ್‌ನಲ್ಲಿ ಹಿರಿಯ ನಾಗರಿಕರಿಗೆ, ಮಹಿಳೆಯರಿಗೆ ಜಾಸ್ತಿ ಬಡ್ಡಿಯಂಥ ಉತ್ತೇಜನ ಕೊಡಬಹುದು ಎಂಬ ಪ್ರಸ್ತಾವವನ್ನೂ ಮುಂದಿಟ್ಟಿರಿ. ಬಾಗಿಲು ಅಗಲ ಮಾಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ಅಕ್ಕ ಹಿರಿಯ ನಾಗರಿಕಳೂ ಹೌದು, ಮಹಿಳೆಯೂ ಹೌದು. ಕಾಲು ಪರ್ಸೆಂಟ್ ಜಾಸ್ತಿ ಬಡ್ಡಿಗಿಂತ ಅವಳಿಗೆ ಬೇಕಾಗಿದ್ದದ್ದು ಒಂದು ಪುಟದ ಸರಿಯಾದ ಮಾಹಿತಿ.

ಬಾಂಡ್ ಮಾರುವ ಪ್ರತಿ ಕಂಪನಿಗೂ ಒಂದು ಪುಟದ ಪಹಣಿ ಕಡ್ಡಾಯ ಮಾಡಿ. ಅರ್ಜಿ ಫಾರಂನ ಮೊದಲ ಪುಟವೇ ಅದಾಗಿರಲಿ, ಸಹಿ ಹಾಕುವ ಜಾಗ ಅದರ ಕೆಳಗೇ ಇರಲಿ. ಸಾಲ ತೆಗೆದುಕೊಳ್ಳುತ್ತಿರುವುದು ಸಮೂಹದ ಯಾವ ಕಂಪನಿ, ಅದರ ಷೇರು ಯಾರ ಕೈಯಲ್ಲಿದೆ, ಆ ಷೇರಿನಲ್ಲಿ ಎಷ್ಟು ಅಡವಾಗಿದೆ ಎಂಬುದು ಮೇಲೆಯೇ ಬರಲಿ. ಅದರ ಕೆಳಗೆ, ಈ ಕಂಪನಿ ತನ್ನ ಸೋದರ ಕಂಪನಿಗಳಿಗೆ ಕೊಟ್ಟ ಸಾಲ ಮತ್ತು ಅವುಗಳಿಗಾಗಿ ನಿಂತ ಜಾಮೀನು ಎಷ್ಟು ಎಂದು ಕೋಟಿಗಳಲ್ಲಿ ಬರೆಯಲಿ. ಸಮೂಹದ ಬೇರೆ ಕಂಪನಿಗಳು ಬಿದ್ದರೆ ಈ ಬಾಂಡಿನ ಹೊಣೆ ಹೊರುವವರು ಯಾರು, ಯಾರೂ ಇಲ್ಲವಾದರೆ ಯಾರೂ ಇಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಲಿ. ಭದ್ರತೆ ಎಂದು ಬರೆದರೆ ಅದು ಭೂಮಿಯೋ, ಯಂತ್ರವೋ, ಇನ್ನೊಬ್ಬರು ಕೊಡಬೇಕಾದ ಬಾಕಿಯೋ ಅದನ್ನೂ ಹೇಳಲಿ.

ಆ ಪುಟ ಕನ್ನಡದಲ್ಲಿ ಇರಲಿ. ತಮಿಳರಿಗೆ ತಮಿಳಿನಲ್ಲಿ, ಒಡಿಶಾದವರಿಗೆ ಒಡಿಯಾದಲ್ಲಿ ಇರಲಿ. ಷೇರು ಮಾರಾಟಕ್ಕೆ ಬರುವ ಕಂಪನಿಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ವಿಡಿಯೊ ಮಾಡಿ ಹಾಕಬೇಕು ಎಂದು 2024ರಲ್ಲಿ ಹೇಳಿದವರು ನೀವೇ. ಬಾಂಡಿಗೂ ಅದು ಬೇಕು, ನಮ್ಮ ಭಾಷೆಯಲ್ಲೂ ಬೇಕು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನನ್ನ ಅಕ್ಕ ಓದು ಬಾರದವಳಲ್ಲ. ಅವಳು ಓದಬಲ್ಲ ಭಾಷೆಯಲ್ಲಿ ಯಾರೂ ಬರೆದು ಕೊಡಲಿಲ್ಲ, ಅಷ್ಟೇ.

ಬಾಂಡ್ ಮಾರಿದ ಮೇಲೆ ಆ ಪುಟ ಹಳತಾಗಬಾರದು. ಪಹಣಿಯಲ್ಲಿ ಋಣ ಬದಲಾದರೆ ಕಲಂ ಬದಲಾಗುತ್ತದೆ. ಹಾಗೇ ಆರು ತಿಂಗಳಿಗೊಮ್ಮೆ ಅದನ್ನು ತಿದ್ದಿ, ಬಾಂಡ್ ಇಟ್ಟುಕೊಂಡವರ ಮೊಬೈಲಿಗೆ ಕಳಿಸಲಿ. ಅಡವಿಟ್ಟ ಷೇರು ಅರ್ಧ ದಾಟಿದರೆ ಆ ವಾರವೇ ತಿಳಿಸಲಿ. ಬಡ್ಡಿ ತಪ್ಪಿದರಂತೂ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಆ ಬಾಂಡಿನ ಎದುರು ಬಾಕಿ ಎಂದು ಎದ್ದು ಕಾಣುವಂತೆ ಬರೆಯಲಿ. ಅಕ್ಕನ ಸ್ಟೇಟ್‌ಮೆಂಟಿನಲ್ಲಿ ಇವತ್ತಿಗೂ ಆ ಬಾಂಡಿನ ಎದುರು 4,00,000 ಎಂದೇ ಇದೆ. ಪ್ರತಿ ತಿಂಗಳೂ ಹಾಗೇ ಬರುತ್ತದೆ. "ಇಲ್ಲಿ ನಾಲ್ಕು ಲಕ್ಷ ಅಂತಲೇ ಇದೆಯಲ್ಲೋ, ಹಾಗಾದ್ರೆ ಬರುತ್ತೆ ಅಂತ ಅಲ್ವಾ?" ಎಂದು ಹೋದ ತಿಂಗಳೂ ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ.

ಜನರಿಂದ ಬಾಂಡ್ ಮೂಲಕ ಎತ್ತಿದ ದುಡ್ಡನ್ನು ಪ್ರವರ್ತಕರ ಬೇರೆ ಕಂಪನಿಗೆ ಕೊಡಬೇಕಾದರೆ ಬಾಂಡ್ ಇಟ್ಟುಕೊಂಡವರ ಒಪ್ಪಿಗೆ ಬೇಕು ಎಂಬ ನಿಯಮವನ್ನು ಎಲ್ಲರಿಗೂ ತನ್ನಿ. ಷೇರು ಪಟ್ಟಿಯಾಗದೆ ಬಾಂಡ್ ಮಾತ್ರ ಪಟ್ಟಿಯಾಗಿರುವ, ದೊಡ್ಡ ಮೊತ್ತದ ಬಾಂಡ್ ಬಾಕಿ ಇರುವ ಕಂಪನಿಗಳಿಗೆ ನೀವು 2025ರಲ್ಲಿ ಇಂಥದ್ದನ್ನು ತಂದಿದ್ದೀರಿ. ತನ್ನದೇ ಸಮೂಹದವರ, ಪ್ರವರ್ತಕರ ಜೊತೆ ನಡೆಸುವ ದೊಡ್ಡ ಮೊತ್ತದ ವ್ಯವಹಾರಕ್ಕೆ ಡಿಬೆಂಚರ್ ಟ್ರಸ್ಟಿಯ ಮೂಲಕ ಬಾಂಡ್‌ದಾರರ ಸಮ್ಮತಿ ಪಡೆಯಬೇಕು. ಒಳ್ಳೆಯ ಹೆಜ್ಜೆ. ಅದು ದೊಡ್ಡ ಮೊತ್ತದವರಿಗಷ್ಟೇ ಯಾಕೆ? 300 ಕೋಟಿ ಎತ್ತಿದ ಕಂಪನಿಗೆ ದುಡ್ಡು ಕೊಟ್ಟವರೂ ಇದೇ ಮೇಷ್ಟ್ರುಗಳೇ. ಷೇರು ಪಟ್ಟಿಯಾದ ಕಂಪನಿಗಳಲ್ಲಿ ಇಂಥ ವ್ಯವಹಾರಕ್ಕೆ ಷೇರುದಾರರು ಓಟು ಹಾಕುತ್ತಾರೆ. ಅಲ್ಲಿ ಬಾಂಡ್‌ದಾರರಿಗೆ ಓಟಿಲ್ಲ. ಷೇರಿಗೆ ದುಡ್ಡು ಹಾಕಿದವನು ಲಾಭಕ್ಕೆ ಹಾಕಿದ್ದಾನೆ, ಏರಿಳಿತ ಗೊತ್ತಿದ್ದೇ ಹಾಕಿದ್ದಾನೆ. ಬಾಂಡಿಗೆ ಹಾಕಿದವನಿಗೆ ಸಿಗುವುದು ಬಡ್ಡಿ ಮಾತ್ರ. ಅವನ ದುಡ್ಡು ಬೇರೆ ಕಡೆ ಹೋಗುವಾಗ ಅವನನ್ನೂ ಒಂದು ಮಾತು ಕೇಳಬೇಡವೇ?

ಕೊನೆಯದಾಗಿ ಟ್ರಸ್ಟಿಗಳ ವಿಷಯ. ಬಡ್ಡಿ ತಪ್ಪಿದ ಮೇಲೆ ಟ್ರಸ್ಟಿ ಬಾಂಡ್‌ದಾರರ ಪರವಾಗಿ ಬೇರೆ ಸಾಲಗಾರರ ಜೊತೆ ಒಪ್ಪಂದಕ್ಕೆ ಸೇರಬೇಕಾದರೆ ಮೌಲ್ಯದ ಲೆಕ್ಕದಲ್ಲಿ 75 ಪರ್ಸೆಂಟ್, ತಲೆ ಲೆಕ್ಕದಲ್ಲಿ 60 ಪರ್ಸೆಂಟ್ ಬಾಂಡ್‌ದಾರರು ಒಪ್ಪಬೇಕು ಎಂಬುದು ನಿಮ್ಮ 2020ರ ನಿಯಮ. ಅದರಂತೆ ಅಕ್ಕನಿಗೂ ಇಮೇಲ್ ಬಂತು. ನಾನು ಮಾಡಿಕೊಟ್ಟ ಇಮೇಲ್ ಖಾತೆ ಅದು, ಅವಳು ನೋಡುವುದೇ ಇಲ್ಲ. ನಾನು ನೋಡಿದಾಗ ಓಟಿಗೆ ಎರಡು ದಿನ ಉಳಿದಿತ್ತು. ಜೊತೆಗೆ 38 ಪುಟದ ಇಂಗ್ಲಿಷ್ ಕಾಗದ. ನಾನು ಓದಿ ಅರ್ಥ ಮಾಡಿಕೊಂಡು ಹೇಳುವಷ್ಟರಲ್ಲಿ ಅಕ್ಕ, "ಎಲ್ಲರೂ ಏನು ಮಾಡ್ತಾರೋ ಹಾಗೇ ಮಾಡು" ಎಂದಳು. ಎಲ್ಲರೂ ಏನು ಮಾಡುತ್ತಾರೆ ಎಂದು ತಿಳಿಯಲು ನಮಗೆ ಯಾರ ಪರಿಚಯವಿದೆ? ಸಾವಿರಾರು ಊರುಗಳಲ್ಲಿ ಚದುರಿಹೋದ ಮುದುಕರು, ಮುದುಕಿಯರು. ಅವರಲ್ಲಿ 60 ಪರ್ಸೆಂಟ್ ಜನ ಎರಡು ವಾರದಲ್ಲಿ ಓಟು ಹಾಕುವುದು ಆಗುವ ಮಾತಲ್ಲ. ಸಣ್ಣ ಬಾಂಡ್‌ದಾರರಿಗೆ ಅಂಚೆಯಲ್ಲಿ, ಅವರ ಭಾಷೆಯಲ್ಲಿ, ಹೌದು ಅಂದರೆ ಏನಾಗುತ್ತದೆ, ಬೇಡ ಅಂದರೆ ಏನಾಗುತ್ತದೆ ಎಂದು ಎರಡೇ ಪ್ಯಾರಾದ ಪತ್ರ ಹೋಗಲಿ. ಓಟು ಹಾಕದವರನ್ನು ಬೇಡ ಎಂದವರ ಲೆಕ್ಕಕ್ಕೆ ಸೇರಿಸುವುದು ಸರಿಯೇ ಎಂದೂ ಒಮ್ಮೆ ಯೋಚಿಸಿ. ಸಣ್ಣವರ ಪರವಾಗಿ ಮಾತಾಡಲು ಅವರಲ್ಲೇ ಒಬ್ಬರನ್ನು ಟ್ರಸ್ಟಿಯ ಜೊತೆ ಕೂರಿಸುವ ಏರ್ಪಾಡು ಮಾಡಿ.

ಕಂಪನಿಗಳು ಇಷ್ಟೆಲ್ಲ ಒಂದು ಪುಟದಲ್ಲಿ ಹಿಡಿಸಲಾಗದು ಎಂದು ನಿಮಗೆ ಹೇಳಬಹುದು. ಅದಕ್ಕೆ ನಾನು ಒಂದನ್ನು ಮಾಡಿ ನೋಡಿದ್ದೇನೆ. ಅಕ್ಕನ ಬಾಂಡಿನ ಪ್ರಾಸ್ಪೆಕ್ಟಸ್‌ನಿಂದಲೇ ಎಲ್ಲ ಅಂಕಿ ಎತ್ತಿ, ಪಹಣಿಯ ಹಾಗೆ ಕಲಂ ಎಳೆದು, ಕನ್ನಡದಲ್ಲಿ ಟೈಪ್ ಮಾಡಿದೆ. ಒಂದು ಎ4 ಹಾಳೆಯಲ್ಲಿ ಮುಕ್ಕಾಲು ಭಾಗ ಸಾಕಾಯಿತು. ಅಕ್ಕನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದಳು. ಸೋದರ ಕಂಪನಿಗಳಿಗೆ ಕೊಟ್ಟ ಸಾಲ ಎಂಬ ಕಲಂ ಹತ್ತಿರ ನಿಂತು, "ಇದನ್ನ ಅವತ್ತೇ ತೋರಿಸಿದ್ದಿದ್ರೆ ನಾನು ಸಹಿ ಹಾಕ್ತಿರಲಿಲ್ಲ" ಎಂದಳು. ಓದಿ ಮುಗಿಸಲು ಅವಳಿಗೆ ಐದು ನಿಮಿಷವೂ ಆಗಲಿಲ್ಲ.

ಆ ಹಾಳೆಯ ಪ್ರತಿಯನ್ನು, ಕಂಪನಿಯ ಹೆಸರು ಅಳಿಸಿ, ಈ ಪತ್ರದ ಜೊತೆ ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಕಲಂಗಳಲ್ಲಿ ತಪ್ಪಿದ್ದರೆ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಡೂರಿನ ಒಬ್ಬ ತೆರಿಗೆ ರಿಟರ್ನ್ ಬರಹಗಾರ